ಒಂದೂವರೆ ಮುಷ್ಟಿ ಎತ್ತರದ ನಕ್ಷತ್ರ

ಪ್ರವಾಸಿ ಹಡಗಿನ ಡೆಕ್ಕಿನ ಮೇಲೆ ನಿಂತರೆ ಆಕಾಶದ ತುಂಬ ನಕ್ಷತ್ರ ಕಾಣುತ್ತವೆ ಎಂದು ಹಡಗು ಹತ್ತದ ನಾವೆಲ್ಲ ಅಂದುಕೊಂಡಿರುತ್ತೇವೆ. ಅಂಥದೊಂದು ಹಡಗಿನಲ್ಲಿ ರಾತ್ರಿಯಿಡೀ ಬ್ರೆಡ್ಡು ಬೇಯಿಸುವ ನನ್ನ ತಮ್ಮ ಹೇಳುವುದೇ ಬೇರೆ. ಪ್ರಯಾಣಿಕರು ಓಡಾಡುವ ಡೆಕ್ಕುಗಳು ಜಾತ್ರೆಯ ಬೀದಿಯ ಹಾಗೆ ಬೆಳಗುತ್ತಿರುತ್ತವಂತೆ. ಈಜುಕೊಳಕ್ಕೆ ದೀಪ, ಕುಣಿತಕ್ಕೆ ದೀಪ, ಬಯಲಲ್ಲೇ ದೊಡ್ಡ ಪರದೆಯ ಸಿನಿಮಾ. ಸುತ್ತ ಎಷ್ಟೇ ಕತ್ತಲೆಯಿದ್ದರೂ ತಲೆಯ ಮೇಲೆ ಹತ್ತಿಪ್ಪತ್ತು ಚುಕ್ಕಿ ಮಾತ್ರ. ನಿಜವಾದ ಕತ್ತಲೆ ಸಿಗುವುದು ಹಡಗಿನ ಮೂತಿಯ ಕಡೆ. ಹಡಗು ನಡೆಸುವವರ ಕಣ್ಣಿಗೆ ಮುಂದಿನ ನೀರು ಕಾಣಬೇಕಲ್ಲ, ಅದಕ್ಕೆ ಅಲ್ಲಿ ದೀಪ ಹಚ್ಚುವುದಿಲ್ಲ. ಪಾಳಿ ಶುರುವಾಗುವ ಮೊದಲು ಸಿಬ್ಬಂದಿಗೆಂದು ಬಿಟ್ಟ ಆ ಜಾಗದಲ್ಲಿ ಅರ್ಧ ತಾಸು ಸುಮ್ಮನೆ ಕೂತರೆ ‘ನಮ್ಮ ಮಾಳಿಗಿ ಆಕಾಶ’ ಬರುತ್ತದೆ ಎನ್ನುತ್ತಾನೆ.

ನಮ್ಮ ಮಾಳಿಗೆ ಇರುವುದು ಬೈಲಹೊಂಗಲ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ಮಣ್ಣಿನ ಮನೆ, ಮೇಲೆ ಸಪಾಟಾದ ಮಣ್ಣಿನ ಮಾಳಿಗೆ. ಬೇಸಿಗೆ ಬಂತೆಂದರೆ ಕೌದಿ ಹೊತ್ತುಕೊಂಡು ಮನೆಮಂದಿಯೆಲ್ಲ ಮೇಲೇರುತ್ತಿದ್ದೆವು. ಎರೆಹೊಲದ ಬಯಲು, ಆಕಾಶ ಎಲ್ಲ ಕಡೆ ನೆಲದವರೆಗೂ ಇಳಿಯುತ್ತದೆ. ಸಮುದ್ರ ನೋಡದ ನಮ್ಮ ಪಾಲಿಗೆ ಅದೇ ಡೆಕ್ಕು.

ಅವ್ವನಿಗೆ ಇಪ್ಪತ್ತೇಳು ನಕ್ಷತ್ರಗಳ ಹೆಸರೂ ಬಾಯಿಪಾಠ, ಆದರೆ ಅವಳ ಲೆಕ್ಕದಲ್ಲಿ ಅವು ಮಳೆಗಳು. ರೋಹಿಣಿ, ಮೃಗಶಿರ, ಆರಿದ್ರ ಎಂದರೆ ಅವಳ ಕಣ್ಣಿಗೆ ಬರುವುದು ಬಿತ್ತುವ ಹೊಲ. ಒಂದು ಡಿಸೆಂಬರಿನಲ್ಲಿ ತಮ್ಮ ಅವಳಿಗೆ ಮೂಡಣದ ಮೃಗಶಿರವನ್ನು ತೋರಿಸಿದ. ‘ಮಳಿ ಇಲ್ಲದಾಗ ಇದರದೇನ್ ಕೆಲಸ ಇಲ್ಲಿ?’ ಎಂದಳು. ಸೂರ್ಯ ಯಾವ ನಕ್ಷತ್ರದಲ್ಲಿರುತ್ತಾನೋ ಮಳೆಗೆ ಅದರ ಹೆಸರು. ಜೂನ್ ಎರಡನೇ ವಾರದ ಹೊತ್ತಿಗೆ ಮೃಗಶಿರದ ಮಳೆ ಕೂಡುವಾಗ ಆ ಚುಕ್ಕಿಗಳು ಸೂರ್ಯನ ಜೊತೆಗೇ ಹುಟ್ಟಿ ಮುಳುಗುವುದರಿಂದ ಕಣ್ಣಿಗೆ ಬೀಳುವುದಿಲ್ಲ. ತಮ್ಮ ಇದನ್ನು ವಿವರಿಸಿದ ಮೇಲೆ ಅವ್ವ, ‘ಅಂದ್ರ ದುಡಿಯೋ ಹೊತ್ತಿನ್ಯಾಗ ಮಾರಿ ತೋರಸೂದಿಲ್ಲ’ ಎಂದಳು. ಆಗಿನ್ನೂ ಅವನು ಹಡಗು ಹತ್ತಿರಲಿಲ್ಲ.

ಅವನಿಗೆ ಆಕಾಶ ಅಳೆಯುವ ಹುಚ್ಚು ಹತ್ತಿದ್ದು ಸವದತ್ತಿಯಲ್ಲಿ. ನವಿಲುತೀರ್ಥದ ಅಣೆಕಟ್ಟಿಗೆ ತಡೆದು ನಿಂತ ಮಲಪ್ರಭೆಯೇ ರೇಣುಕಾಸಾಗರ. ಹುಣ್ಣಿಮೆಗೆ ಎಲ್ಲಮ್ಮನ ಗುಡ್ಡಕ್ಕೆ ಹೋದಾಗ ಚಂದ್ರನ ಬೆಳಕಿಗೆ ಚುಕ್ಕಿಗಳು ಸಪ್ಪೆ. ಅದಕ್ಕೇ ಅಮಾವಾಸ್ಯೆಯ ಆಚೀಚೆ ಹಿನ್ನೀರಿನ ದಂಡೆಗೆ ಹೋಗುತ್ತಿದ್ದ. ಕೈ ಉದ್ದ ಚಾಚಿ ಮುಷ್ಟಿ ಹಿಡಿದರೆ ಒಂದು ಮುಷ್ಟಿ ಸುಮಾರು 10 ಡಿಗ್ರಿ. ದಿಗಂತದಿಂದ ಒಂದೂವರೆ ಮುಷ್ಟಿ ಮೇಲೆ, ಉತ್ತರಕ್ಕೆ ಧ್ರುವ. ಅದು ಎಷ್ಟು ಡಿಗ್ರಿ ಮೇಲಿದೆಯೋ ನಾವು ಭೂಮಧ್ಯರೇಖೆಯಿಂದ ಹೆಚ್ಚುಕಡಿಮೆ ಅಷ್ಟೇ ಡಿಗ್ರಿ ಉತ್ತರಕ್ಕಿದ್ದೇವೆ. ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗ ನಾಲ್ಕೂ ಹದಿನೈದೂವರೆಯಿಂದ ಹದಿನಾರರ ಒಳಗೇ ಇವೆ.

ಕಿತ್ತೂರಿನ ಕೋಟೆ ನೋಡಿದವರಿಗೆ ಅರಮನೆಯ ಅವಶೇಷಗಳಲ್ಲಿ ಧ್ರುವ ನಕ್ಷತ್ರ ನೋಡಲೆಂದು ಮಾಡಿದ ಕಿಂಡಿ ನೆನಪಿರಬಹುದು. 1824ರ ಯುದ್ಧದ ಕಥೆ ಕೇಳಿಕೊಂಡು ಬಂದವರು ಅದರಲ್ಲಿ ಒಮ್ಮೆ ಇಣುಕಿ ಮುಂದೆ ಹೋಗುತ್ತಾರೆ. ತಮ್ಮ ಮಾತ್ರ ಅಲ್ಲೇ ನಿಂತುಬಿಡುತ್ತಿದ್ದ. ಅಂಥ ಕಿಂಡಿ ಅದು ಇರುವ ಊರಿಗೆ ಮಾತ್ರ ಹೊಂದುತ್ತದೆ. ಅದೇ ಓರೆಯಲ್ಲಿ ಲಂಡನ್ನಿನಲ್ಲಿ ಕಿಂಡಿ ಕೊರೆದರೆ ಧ್ರುವ ಸಿಗುವುದಿಲ್ಲ. ಅಲ್ಲಿ ಅದು ಐದು ಮುಷ್ಟಿ ಮೇಲಿರುತ್ತದೆ.

ಎರಡು ವರ್ಷದ ಹಿಂದೆ, ಬರಬೇಕಾದ ತಿಂಗಳಲ್ಲಿ ಅವನು ಬರಲಿಲ್ಲ. ಕರಾರು ಮುಂದುವರಿಸಿಕೊಂಡಿದ್ದ, ಮನೆಯ ಸಾಲ ಇನ್ನೂ ಇತ್ತು. ಅವ್ವ ‘ಯಾವಾಗ ಬರ್ತಿ’ ಎಂದು ಕೇಳುವುದನ್ನೇ ಬಿಟ್ಟಳು. ಜನವರಿಯ ಒಂದು ನಸುಕಿನಲ್ಲಿ, ಐದೂವರೆಗೆ, ಅವನ ಕರೆ ಬಂತು. ಹಡಗು ಕೆರಿಬಿಯನ್ ಸಮುದ್ರದಲ್ಲಿ ಡೊಮಿನಿಕಾ ದ್ವೀಪದ ಹತ್ತಿರ ಇತ್ತು. ಅಲ್ಲಿ ಹಿಂದಿನ ದಿನದ ರಾತ್ರಿ ಎಂಟು. ‘ಅವ್ವಾ, ಮಾಳಿಗಿ ಹತ್ತು’ ಎಂದ. ನಾನು ಅವಳ ಕೈ ಹಿಡಿದು ಮೇಲೇರಿಸಿದೆ. ಉತ್ತರಕ್ಕೆ ಸಪ್ತರ್ಷಿಗಳು ಎತ್ತರದಲ್ಲಿದ್ದರು. ಅವನ ಆಕಾಶದಲ್ಲಿ ಸಪ್ತರ್ಷಿಗಳು ಇನ್ನೂ ಹುಟ್ಟಿರಲಿಲ್ಲ, ಬದಲಿಗೆ ನಮಗೆ ಮುಳುಗಿಹೋಗಿದ್ದ ಮೃಗಶಿರ ಇತ್ತು. ಧ್ರುವ ಇಬ್ಬರಿಗೂ ಇತ್ತು. ಅವ್ವ ಮುಷ್ಟಿ ಹಿಡಿದು ಅಳೆದಳು: ಒಂದೂವರೆ. ಅತ್ತಲಿಂದ ಅವನೂ ಒಂದೂವರೆ ಎಂದ. ಅರ್ಧ ಭೂಮಿಯ ಆಚೆಗಿದ್ದರೂ ಡೊಮಿನಿಕಾ ನಮ್ಮ ಸಾಲಿನಲ್ಲೇ ಇದೆ. ಕಿತ್ತೂರಿನ ಕಿಂಡಿ ಅಲ್ಲಿಯೂ ನಡೆಯುತ್ತದೆ.

‘ಹಂಗಾರ ಇಲ್ಲೇ ಅದಾನಲ್ಲ’ ಎಂದು ಅವ್ವ ನಕ್ಕಳು. ಆಮೇಲೆ ಸುಮ್ಮನಾಗಿ, ‘ಖರೇ ಎಷ್ಟ್ ದೂರ ಅದಾನ?’ ಎಂದು ನನ್ನನ್ನು ಕೇಳಿದಳು.

ನಕ್ಷತ್ರ ಅದನ್ನು ಹೇಳುವುದಿಲ್ಲ. ಧ್ರುವದಿಂದ ಉತ್ತರ ದಕ್ಷಿಣ ತಿಳಿಯುತ್ತದೆ, ಪೂರ್ವ ಪಶ್ಚಿಮ ತಿಳಿಯುವುದಿಲ್ಲ. ನಾವಿಕರನ್ನು ಶತಮಾನಗಳ ಕಾಲ ಕಾಡಿದ ತೊಡಕು ಇದೇ. ಭೂಮಿ ತಾಸಿಗೆ 15 ಡಿಗ್ರಿ ತಿರುಗುವುದರಿಂದ, ಬಿಟ್ಟುಬಂದ ಊರಿನಲ್ಲಿ ಈಗ ಎಷ್ಟು ಗಂಟೆ ಎಂದು ಗೊತ್ತಾದರೆ ದೂರ ಗೊತ್ತಾಗುತ್ತದೆ. ಅದಕ್ಕೆ ಸಮುದ್ರದ ಕುಲುಕಾಟದಲ್ಲೂ ಕೆಡದ ಗಡಿಯಾರ ಬೇಕು. ಇಂಗ್ಲೆಂಡಿನ ಬಡಗಿ ಜಾನ್ ಹ್ಯಾರಿಸನ್ ಜೀವಮಾನವಿಡೀ ದುಡಿದು ಅಂಥದೊಂದನ್ನು ಮಾಡಿದ. 1761ರಲ್ಲಿ ಅದನ್ನು ಪರೀಕ್ಷೆಗೆ ಕಳಿಸಿದ್ದು ಇದೇ ಕೆರಿಬಿಯನ್ನಿನ ಜಮೈಕಾಕ್ಕೆ. ಮುದಿ ಹ್ಯಾರಿಸನ್ ಮನೆಯಲ್ಲೇ ಉಳಿದ. ಗಡಿಯಾರದ ಜೊತೆ ಹಡಗು ಹತ್ತಿದವನು ಮಗ ವಿಲಿಯಂ. ಎರಡು ತಿಂಗಳ ಆ ಪ್ರಯಾಣದಲ್ಲಿ ಗಡಿಯಾರ ತಪ್ಪಿದ್ದು ಕೆಲವೇ ಸೆಕೆಂಡು.

ಇದನ್ನೆಲ್ಲ ಅವ್ವನಿಗೆ ಹೇಳಿದ್ದೆ. ವಾರದೊಳಗೆ ಅವಳು ನಿಂತುಹೋಗಿದ್ದ ಹಳೆಯ ಗೋಡೆ ಗಡಿಯಾರಕ್ಕೆ ಸೆಲ್ ಹಾಕಿಸಿ, ನನ್ನಿಂದ ಒಂಬತ್ತೂವರೆ ತಾಸು ಹಿಂದಕ್ಕೆ ತಿರುಗಿಸಿಸಿದಳು. ನಾವಿಕರು ಊರಿನ ಹೊತ್ತನ್ನು ಹಡಗಿಗೆ ಒಯ್ದರೆ, ಇವಳು ಹಡಗಿನ ಹೊತ್ತನ್ನು ಮನೆಗೆ ತಂದುಕೊಂಡಳು. ನಡುಮನೆಯಲ್ಲಿ ಈಗ ಎರಡು ಗಡಿಯಾರ. ಬಂದವರು ‘ಇದು ತಪ್ಪು ತೋರಸ್ತೈತಿ’ ಎಂದರೆ ಅವಳು ಉತ್ತರ ಕೊಡುವುದಿಲ್ಲ. ರೊಟ್ಟಿ ಬಡಿಯುತ್ತ ಅದನ್ನು ನೋಡಿ, ‘ಈಗ ಭಟ್ಟಿ ಮುಂದ ನಿಂತಿರ್ತಾನ’ ಎಂದು ತನ್ನಷ್ಟಕ್ಕೆ ಹೇಳಿಕೊಳ್ಳುತ್ತಾಳೆ.

ಆ ಬೇಸಿಗೆಯಲ್ಲಿ ಹಡಗು ನಾರ್ವೆಗೆ ಹೋಯಿತು. ಜೂನ್‌ನಲ್ಲಿ ಅಲ್ಲಿ ಕತ್ತಲೆಯೇ ಆಗುವುದಿಲ್ಲ, ಒಂದು ಚುಕ್ಕಿಯೂ ಇಲ್ಲ ಎಂದು ತಮ್ಮ ಬೇಸರಪಟ್ಟ. ಕಂಡಿದ್ದರೆ ಧ್ರುವ ಆರು ಮುಷ್ಟಿ ಮೇಲಿರುತ್ತಿತ್ತು. ಇಲ್ಲಿ ಮೃಗಶಿರದ ಮಳೆ ಹಿಡಿದು ನಮಗೂ ಆಕಾಶ ಮುಚ್ಚಿತ್ತು. ಅವ್ವ ಸ್ಟೂಲು ತಂದಿಟ್ಟು ಗಡಿಯಾರ ಸರಿಮಾಡು ಎಂದಳು. ನಾನು ಹತ್ತಿ ಮುಳ್ಳನ್ನು ಆರು ತಾಸು ಮುಂದಕ್ಕೆ ತಿರುಗಿಸಿದೆ. ಕೆಳಗೆ ನಿಂತು ಒಂದೊಂದೇ ತಾಸು ಎಣಿಸುತ್ತಿದ್ದ ಅವಳು, ‘ಆರ್ ತಾಸ್ ಹತ್ರ ಬಂದ’ ಎಂದಳು.