ಸಿಪ್ಪೆಯ ಪಾಲು

ಎಳೆ ಹೀರೆಕಾಯಿ ಮನೆಗೆ ಬಂದ ದಿನ ನನಗೆ ಪಲ್ಯಕ್ಕಿಂತ ಮೊದಲು ಚಟ್ನಿಯ ಯೋಚನೆ. ಏಣುಗಳ ಚೂಪು ಅಂಚನ್ನಷ್ಟೇ ಮೊದಲು ಹೆರೆದು ಬಿಸಾಡಬೇಕು. ಅದು ಬರೀ ನಾರು, ಎಷ್ಟು ರುಬ್ಬಿದರೂ ನಾಲಿಗೆಗೆ ತೊಡರುತ್ತದೆ. ಉಳಿದ ಸಿಪ್ಪೆಯನ್ನು ತಿರುಳು ತುಸು ಅಂಟಿಕೊಂಡಿರುವಂತೆ ದಪ್ಪವಾಗಿಯೇ ತೆಗೆಯುತ್ತೇನೆ. ಒಂದು ಚೂರು ಬಾಯಿಗೆ ಹಾಕಿಕೊಂಡು ನೋಡುವುದು ಕಡ್ಡಾಯ. ಕಹಿ ಕಾಯಿಯಾದರೆ ಸಿಪ್ಪೆಯೂ ಬೇಡ, ತಿರುಳೂ ಬೇಡ, ಹೊಟ್ಟೆ ಕೆಡುತ್ತದೆ. ಆಮೇಲೆ ಬಾಣಲೆ. ಉದ್ದಿನಬೇಳೆ, ಕಡಲೆಬೇಳೆ, ಬ್ಯಾಡಗಿ ಮೆಣಸಿನಕಾಯಿ ಹುರಿದು ತೆಗೆದಿಟ್ಟು, ಅದೇ ಎಣ್ಣೆಗೆ ಸಿಪ್ಪೆ ಹಾಕಿ ಸಣ್ಣ ಉರಿಯಲ್ಲಿ ಬಾಡಿಸುತ್ತಾ ಹೋಗಬೇಕು. ಮೊದಲು ಹಸಿ ಹುಲ್ಲಿನ ವಾಸನೆ. ಬಳಿಕ ಸ್ವಲ್ಪ ಹೊತ್ತು ಯಾವ ವಾಸನೆಯೂ ಇರುವುದಿಲ್ಲ. ಕೊನೆಗೆ ಅಂಚು ಕಂದುತ್ತಿದ್ದಂತೆ ಒಂದು ಘಮ ಏಳುತ್ತದೆ, ಅದಕ್ಕಾಗಿ ಕಾಯುವ ತಾಳ್ಮೆಯಲ್ಲೇ ಈ ಚಟ್ನಿಯ ಕಸುಬೆಲ್ಲ ಇದೆ. ಹುಣಸೆಹಣ್ಣು, ಬೆಲ್ಲ, ಉಪ್ಪು, ಕಾಯಿತುರಿ ಸೇರಿಸಿ ತರಿತರಿಯಾಗಿ ರುಬ್ಬಿಕೊಳ್ಳಬೇಕು. ನುಣ್ಣಗಾದರೆ ಅದು ಯಾವ ತರಕಾರಿಯ ಚಟ್ನಿಯೂ ಆಗಬಹುದು. ತರಿ ಉಳಿದರೆ ಮಾತ್ರ ಹೀರೆಸಿಪ್ಪೆಯದು.

ಇದರಲ್ಲಿ ಉಳಿತಾಯ ಇದೆ, ಒಪ್ಪುತ್ತೇನೆ. ಆದರೆ ನಾನು ಬಾಣಲೆ ಇಡುವುದು ಉಳಿತಾಯಕ್ಕಾಗಿ ಅಲ್ಲ. ಈ ರುಚಿ ತಿರುಳಿನಲ್ಲಿ ಸಿಗುವುದೇ ಇಲ್ಲ. ತಿರುಳು ಮೆದು, ನೀರು ನೀರು, ಯಾವ ಮಸಾಲೆ ಹಾಕಿದರೆ ಆ ಕಡೆಗೆ ವಾಲುತ್ತದೆ. ಸಿಪ್ಪೆಗೆ ತನ್ನದೇ ಹಟ ಇದೆ. ಹಿಂದಿನವರು ಸಿಪ್ಪೆ ತಿಂದದ್ದು ಬಡತನಕ್ಕೆ ಎನ್ನುವವರನ್ನು ಕೇಳಿದ್ದೇನೆ. ಬಡತನ ಸಿಪ್ಪೆಯನ್ನು ತಿನ್ನಿಸಿರಬಹುದು. ಅದನ್ನು ಎಷ್ಟು ಹುರಿಯಬೇಕು, ಬೆಲ್ಲ ಎಷ್ಟು ಬೀಳಬೇಕು ಎಂದು ಕಂಡುಕೊಂಡದ್ದು ರುಚಿ ಬಲ್ಲ ನಾಲಿಗೆ.

ಹಳೇ ಮೈಸೂರು ಕಡೆಯ ಬಸ್ಸಾರನ್ನೇ ನೋಡಿ. ತೊಗರಿಬೇಳೆಯನ್ನೋ ಹೆಸರುಕಾಳನ್ನೋ ಸೊಪ್ಪಿನ ಜೊತೆ ಬೇಯಿಸಿ ನೀರನ್ನು ಬಸಿದುಕೊಳ್ಳುತ್ತಾರೆ. ಸೊಪ್ಪು, ಕಾಳು ಒಗ್ಗರಣೆ ಬಿದ್ದು ಪಲ್ಯವಾಗುತ್ತದೆ. ಬಸಿದ ಕಟ್ಟು ಸಾರಾಗಬೇಕು. ಈರುಳ್ಳಿ, ಬೆಳ್ಳುಳ್ಳಿ, ಜೀರಿಗೆ, ಮೆಣಸು, ಕಾಯಿತುರಿ, ಸಾರಿನ ಪುಡಿ, ಜೊತೆಗೆ ಬೆಂದ ಸೊಪ್ಪು ಕಾಳಿನದೇ ಒಂದು ಹಿಡಿ: ಇಷ್ಟನ್ನೂ ರುಬ್ಬಿ ಆ ಕಟ್ಟಿಗೆ ಕದಡಿ ಕುದಿಸಿದರೆ, ಬೇಯಿಸಿದ ನೀರೇ ಮುದ್ದೆಯ ಊಟದ ಯಜಮಾನ. ಪಲ್ಯ ಪಕ್ಕಕ್ಕೆ ಸರಿಯುತ್ತದೆ. ಮಾರನೆಯ ದಿನ ಅದೇ ಸಾರನ್ನು ಮತ್ತೆ ಕುದಿಸಿ ಗಟ್ಟಿ ಮಾಡಿ ಉಣ್ಣುವ ಸುಖ ಗೊತ್ತಿರುವವರು ಮೊದಲ ದಿನವೇ ಒಂದು ಬಟ್ಟಲು ಎತ್ತಿಡುತ್ತಾರೆ. ಚರಂಡಿಗೆ ಹೋಗಬಹುದಾಗಿದ್ದ ನೀರಿನಿಂದ ಒಂದು ಸೀಮೆಯ ಅಡುಗೆಗೇ ಹೆಸರು ಬಂದಿದೆ. ಇದಕ್ಕಿಂತ ದೊಡ್ಡ ಪಾಕವಿದ್ಯೆ ನನಗೆ ಗೊತ್ತಿಲ್ಲ.

ಪುತ್ತೂರಿನ ದೊಡ್ಡಮ್ಮನಿಂದ ಕಲಿತದ್ದು ಬಚ್ಚಂಗಾಯಿ ದೋಸೆ. ಕಲ್ಲಂಗಡಿಯ ಕೆಂಪು ತಿಂದಾದ ಮೇಲೆ ಉಳಿಯುವ ಬಿಳಿ ಭಾಗವನ್ನು ಹೋಳು ಮಾಡಿ, ನೆನೆದ ಬೆಳ್ತಿಗೆ ಅಕ್ಕಿಯೊಂದಿಗೆ ರುಬ್ಬುವುದು. ಉದ್ದು ಬೇಡ, ಹುಳಿ ಬರಿಸುವುದೂ ಬೇಡ. ರುಬ್ಬುವಾಗ ನೀರನ್ನು ನೋಡಿಕೊಂಡು ಹಾಕಬೇಕು, ಹೋಳಿನಲ್ಲೇ ಬೇಕಾದಷ್ಟಿರುತ್ತದೆ. ದೊಡ್ಡಮ್ಮ ದಾಳಿಂಬೆಯ ಸಿಪ್ಪೆಯನ್ನೂ ಒಣಗಿಸಿ ಡಬ್ಬಿಯಲ್ಲಿಟ್ಟಿರುತ್ತಾರೆ. ಹೊಟ್ಟೆ ಸರಿಯಿಲ್ಲ ಎಂದವರಿಗೆ ಅದರ ಒಂದು ಚೂರನ್ನು ಜೀರಿಗೆ, ಮೆಣಸಿನೊಂದಿಗೆ ತುಪ್ಪದಲ್ಲಿ ಹುರಿದು, ಕಾಯಿಯೊಡನೆ ರುಬ್ಬಿ, ಮಜ್ಜಿಗೆಗೆ ಬೆರೆಸಿದ ತಂಬುಳಿ. ಕಿತ್ತಳೆ ಸಿಪ್ಪೆಯ ಗೊಜ್ಜು ಇನ್ನೊಂದು. ಕಹಿ, ಹುಳಿ, ಸಿಹಿ, ಖಾರ ನಾಲ್ಕೂ ಜಗಳವಾಡದೆ ಕೂತಿರುತ್ತವೆ. ಉತ್ತರ ಕರ್ನಾಟಕದ ಮನೆಗಳಲ್ಲಿ ಉಳಿದ ಜೋಳದ ರೊಟ್ಟಿಯನ್ನು ಮುರಿದು ಒಗ್ಗರಣೆ ಹಾಕುವುದೂ ಇದೇ ಕುಲದ ವಿದ್ಯೆ.

ಬೆಂಗಳೂರಿನ ನಮ್ಮ ಬೀದಿಯ ತಳ್ಳುಗಾಡಿಯಲ್ಲಿ ಮೂಲಂಗಿ ಕೊಂಡರೆ ಗಾಡಿಯವನ ಕೈ ತಾನಾಗಿಯೇ ಸೊಪ್ಪಿನ ಕಡೆ ಹೋಗುತ್ತದೆ. “ಸೊಪ್ಪು ಕಿತ್ತಾಕ್ಲಾ ಅಕ್ಕಾ?” “ಬೇಡ ಕಣಪ್ಪಾ, ಹಂಗೇ ಹಾಕು.” ನವಿಲುಕೋಸಿನ ಎಲೆಗೂ ಇದೇ ಮಾತು. ಹೆಸರುಬೇಳೆ ಸೇರಿಸಿದ ಮೂಲಂಗಿ ಸೊಪ್ಪಿನ ಪಲ್ಯಕ್ಕೆ ಒಂದು ಸಣ್ಣ ಕಟುವಿದೆ, ಗಡ್ಡೆಯಲ್ಲಿರುವುದೇ, ಆದರೆ ಹದವಾದದ್ದು. ಅದನ್ನು ಕಿತ್ತು ರಾಶಿ ಹಾಕಿಸಿ ಹೋಗುವವರನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ 2024ರಲ್ಲಿ ಹೊರತಂದ ವರದಿಯಂತೆ, 2022ರಲ್ಲಿ ಜಗತ್ತಿನಲ್ಲಿ ವ್ಯರ್ಥವಾದ ಆಹಾರ ಸುಮಾರು 105 ಕೋಟಿ ಟನ್, ಅದರಲ್ಲಿ ಶೇ. 60ರಷ್ಟು ಮನೆಗಳಿಂದಲೇ. ಭಾರತದ ಮನೆಗಳಲ್ಲಿ ತಲೆಗೆ ವರ್ಷಕ್ಕೆ 55 ಕಿಲೋ ಎಂಬ ಅಂದಾಜಿದೆ. ಈ ಲೆಕ್ಕದಲ್ಲಿ ಉಳಿದ ಅನ್ನ, ಹಳಸಿದ ಸಾರಿನ ಜೊತೆ ತಿನ್ನಲಾಗದ ಸಿಪ್ಪೆ, ಮೂಳೆ, ಬೀಜಗಳೂ ಸೇರಿವೆ. ತಿನ್ನಲಾಗದ್ದು ಯಾವುದು ಎಂದು ನಿರ್ಧರಿಸುವವರು ಯಾರು? ಹೀರೆಸಿಪ್ಪೆ ಒಂದು ಮನೆಯಲ್ಲಿ ಕಸ, ಪಕ್ಕದ ಮನೆಯಲ್ಲಿ ಊಟದ ಎಲೆಯ ತುದಿಯ ಚಟ್ನಿ. ಹಾಗಾಗಿ ಒಂದು ಅಡುಗೆ ಮರೆತುಹೋದಾಗ ಕಸದ ಬುಟ್ಟಿಯೂ ಅಷ್ಟು ತುಂಬುತ್ತದೆ ಎಂದೇ ನನ್ನ ಎಣಿಕೆ. ಆ ಬುಟ್ಟಿಗಳ ಭಾರ ಎಲ್ಲಿಗೆ ಹೋಗುತ್ತದೆಂದು ಮಾವಳ್ಳಿಪುರದವರಿಗೂ ಮಂಡೂರಿನವರಿಗೂ ಗೊತ್ತು. ಬೆಂಗಳೂರಿನ ಕಸವನ್ನು ವರ್ಷಗಟ್ಟಲೆ ಹೊತ್ತು, ಬೀದಿಗಿಳಿದು ಹೋರಾಡಿದ ಹಳ್ಳಿಗಳು ಅವು.

ಈರುಳ್ಳಿಯ ಹೊರಪದರ, ಕಾಫಿ ಚರಟ, ಹೀರೆಯ ಆ ನಾರು, ಇವನ್ನು ಯಾವ ನಾಲಿಗೆಯೂ ಒಪ್ಪುವುದಿಲ್ಲ. ಅವಕ್ಕೆ ಬಾಲ್ಕನಿಯಲ್ಲಿ ತೂತುಗಳಿರುವ ಮಣ್ಣಿನ ಮಡಕೆ ಇದೆ. ಹಸಿಯದು ಒಂದು ಪದರ, ಒಣಗಿದೆಲೆ ಒಂದು ಪದರ, ಮೇಲೊಂದು ಚಿಮುಕು ಹುಳಿ ಮಜ್ಜಿಗೆ. ಗಾಳಿಯಾಡಿದರೆ ನಾತವಿಲ್ಲ. ಗಾಳಿಯಿಲ್ಲದ ಕಸದ ಗುಡ್ಡದೊಳಗೆ ಇದೇ ಸಿಪ್ಪೆ ಕೊಳೆತು ಮೀಥೇನ್ ಆಗುತ್ತದೆ. ಮಡಕೆಯ ನಡುವೆ ಕೈಯಿಟ್ಟರೆ ಬಿಸಿ ತಾಗುತ್ತದೆ, ಸೂಕ್ಷ್ಮಾಣುಗಳು ದುಡಿಯುತ್ತಿವೆ ಎಂದರ್ಥ. ನಮ್ಮ ಊರಿಗೆ ಇದು ಹೊಸ ವಿದ್ಯೆಯೂ ಅಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ಎನ್. ಆಚಾರ್ಯ ಅವರು 1939ರಲ್ಲಿ ರೂಪಿಸಿದ ಗುಂಡಿಗೊಬ್ಬರದ ಕ್ರಮವನ್ನು ಕೃಷಿ ಪಠ್ಯಗಳು ಇಂದಿಗೂ ‘ಬೆಂಗಳೂರು ಪದ್ಧತಿ’ ಎಂದೇ ಹೇಳುತ್ತವೆ. ಮಡಕೆಯ ಕೆಲಸ ನನಗೆ ಪ್ರಿಯವೇ. ಆದರೂ ಮೊದಲ ಹಕ್ಕು ಒಲೆಗೆ. ಬಾಣಲೆ ಬಿಟ್ಟುಕೊಟ್ಟದ್ದಷ್ಟೇ ಮಡಕೆಗೆ ಸಲ್ಲಬೇಕು.

ಮೊನ್ನೆ ದೊಡ್ಡಮ್ಮ ಫೋನಿನಲ್ಲಿ, “ಈ ಸಲ ಹಲಸು ಜೋರಿದೆ, ಬೇಳೆ ಕಳಿಸ್ತೇನೆ, ಬಿಸಾಡಬೇಡ” ಎಂದರು. ಅವರು ಅದಕ್ಕೆ ಕೆಮ್ಮಣ್ಣು ಸವರಿ ಮಳೆಗಾಲಕ್ಕೆ ಕಾದಿಡುತ್ತಾರೆ. ನನಗೆ ಮಾಡಬೇಕಿರುವುದು ಸಾಂತಾಣಿ. ಬೇಳೆಯನ್ನು ಉಪ್ಪುನೀರಿನಲ್ಲಿ ಬೇಯಿಸಿ, ಕಲ್ಲಿನಷ್ಟು ಗಟ್ಟಿಯಾಗುವವರೆಗೆ ಒಣಗಿಸುವುದು. ಅಂಗಳದ ಬಿಸಿಲು ಕೇಳುವ ತಿಂಡಿ ಅದು. ನಮ್ಮ ಬಾಲ್ಕನಿಗೆ ಬೆಳಗಿನ ಬಿಸಿಲು ಮಾತ್ರ ಬರುತ್ತದೆ. ಮೇಲಿನ ಮನೆಯವರ ಹತ್ತಿರ ತಾರಸಿಯ ಬೀಗದ ಕೈ ಕೇಳಿಟ್ಟಿದ್ದೇನೆ.