ಗೋಡೆಯ ಮೇಲಿನ ಹೆಸರು

ಔಷಧದ ವ್ಯಾಪಾರವು ಇತರ ವ್ಯಾಪಾರಗಳಂತಲ್ಲ. ಬಟ್ಟೆ ಕೊಳ್ಳುವವನು ಅದನ್ನು ಮುಟ್ಟಿ ನೋಡಬಲ್ಲನು. ಅಕ್ಕಿ ಕೊಳ್ಳುವವನು ಅಂಗೈಯಲ್ಲಿಟ್ಟು ಪರೀಕ್ಷಿಸಬಲ್ಲನು. ಮಾತ್ರೆ ಕೊಳ್ಳುವವನಿಗೆ ಅಂತಹ ಯಾವ ಪರೀಕ್ಷೆಯೂ ಸಾಧ್ಯವಿಲ್ಲ. ಅದರಲ್ಲಿರುವುದೇನು, ತನ್ನ ದೇಹಕ್ಕೆ ಅದು ಹಿತವೋ ಅಹಿತವೋ ಎಂಬುದಕ್ಕೆ ಅವನು ಮತ್ತೊಬ್ಬರ ಮಾತನ್ನೇ ನಂಬಬೇಕು. ನೋವಿನಲ್ಲಿರುವವನು ಚೌಕಾಸಿ ಮಾಡುವುದಿಲ್ಲ, ಪ್ರಶ್ನೆಯನ್ನೂ ಕೇಳುವುದಿಲ್ಲ. ಆದುದರಿಂದ ಇಲ್ಲಿ ಮಾರುವವನ ಹೊಣೆಯು ಕೊಳ್ಳುವವನ ಎಚ್ಚರಕ್ಕಿಂತ ಬಹು ದೊಡ್ಡದು.

ಈ ಹೊಣೆಯನ್ನು ನಮ್ಮ ದೇಶದಲ್ಲಿ ಕಾನೂನು ಗುರುತಿಸಿದ್ದು ತಡವಾಗಿ. ಹಿಂದೆ ಯಾರು ಬೇಕಾದರೂ ಔಷಧ ಮಾರಬಹುದಾಗಿತ್ತು. 1930ರಲ್ಲಿ ರಾಮನಾಥ ಚೋಪ್ರಾ ಅವರ ಅಧ್ಯಕ್ಷತೆಯಲ್ಲಿ ನೇಮಕವಾದ ವಿಚಾರಣಾ ಸಮಿತಿಯು ಮರುವರ್ಷ ವರದಿ ನೀಡಿ, ಔಷಧಗಳ ಗುಣಮಟ್ಟಕ್ಕೂ ಅವನ್ನು ವಿತರಿಸುವವರ ಶಿಕ್ಷಣಕ್ಕೂ ನಿಯಂತ್ರಣ ಬೇಕೆಂದು ಹೇಳಿತು. ಮುಂದೆ 1940ರ ಔಷಧ ಕಾಯಿದೆ, 1945ರ ನಿಯಮಾವಳಿ, 1948ರ ಫಾರ್ಮಸಿ ಕಾಯಿದೆ ಬಂದವು.

ಇವುಗಳಿಂದಾಗಿ ಇಂದು ಪ್ರತಿಯೊಂದು ಔಷಧದ ಅಂಗಡಿಯಲ್ಲಿ ಎರಡು ಕಾಗದಗಳಿರುತ್ತವೆ. ಮೊದಲನೆಯದು ಔಷಧ ನಿಯಂತ್ರಣ ಇಲಾಖೆ ಕೊಡುವ ಪರವಾನಗಿ. ಅದು ಅಂಗಡಿಗೆ ಸೇರಿದ್ದು. ಕನಿಷ್ಠ 10 ಚದರ ಮೀಟರ್ ಜಾಗ, ಔಷಧಗಳನ್ನು ಕೆಡದಂತೆ ಇಡುವ ಏರ್ಪಾಡು ಮುಂತಾದವನ್ನು ನೋಡಿ ಕೊಡುವಂಥದು. ಎರಡನೆಯದು ರಾಜ್ಯ ಫಾರ್ಮಸಿ ಪರಿಷತ್ತಿನ ನೋಂದಣಿ. ಅದು ವ್ಯಕ್ತಿಗೆ ಸೇರಿದ್ದು. ಡಿಪ್ಲೊಮಾ ಅಥವಾ ಪದವಿ ಪಡೆದು, ತರಬೇತಿ ಮುಗಿಸಿದವನ ಹೆಸರಿನಲ್ಲಿರುವಂಥದು. ವೈದ್ಯರ ಚೀಟಿಯ ಮೇಲೆ ಕೊಡುವ ಔಷಧವು ನೋಂದಾಯಿತ ಫಾರ್ಮಸಿಸ್ಟನ ಖುದ್ದು ಮೇಲ್ವಿಚಾರಣೆಯಲ್ಲಿಯೇ ಹೋಗಬೇಕೆಂಬುದು ನಿಯಮ. ಅವನು ಅಂಗಡಿಯಲ್ಲಿ ನಿಂತಾಗ ಮಾತ್ರ ಈ ಎರಡು ಕಾಗದಗಳಿಗೂ ಜೀವ ಬರುತ್ತದೆ.

ಕಪಾಟಿನಿಂದ ಡಬ್ಬಿ ತೆಗೆದುಕೊಡಲು ಇಷ್ಟೆಲ್ಲ ಏಕೆ ಎಂದು ಕೇಳುವವರುಂಟು. ಸಂಧಿವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ವಾರಕ್ಕೊಮ್ಮೆ ಸೇವಿಸುವ ಮಾತ್ರೆ. ತಿಳಿಯದೆ ನಿತ್ಯವೂ ನುಂಗಿದರೆ ಪ್ರಾಣಕ್ಕೇ ಅಪಾಯ. ರಕ್ತ ಹೆಪ್ಪುಗಟ್ಟದಿರಲೆಂದು ವಾರ್ಫರಿನ್ ಸೇವಿಸುವ ವೃದ್ಧರಿಗೆ, ಮೊಣಕಾಲು ನೋವಿಗೆಂದು ಕೊಟ್ಟ ಐಬುಪ್ರೊಫೆನ್ ರಕ್ತಸ್ರಾವವನ್ನು ತರಬಲ್ಲುದು. ಇನ್ಸುಲಿನ್ 2ರಿಂದ 8 ಡಿಗ್ರಿ ಸೆಲ್ಸಿಯಸ್ ಶೈತ್ಯದಲ್ಲಿರದಿದ್ದರೆ ಬೇಗ ಸತ್ವ ಕಳೆದುಕೊಳ್ಳುತ್ತದೆ. ಹೊರನೋಟಕ್ಕೆ ಅದು ತಿಳಿಯದೆಯೂ ಹೋಗಬಹುದು. ವೈದ್ಯರು ಆತುರದಲ್ಲಿ ಬರೆದದ್ದನ್ನು, ರೋಗಿ ಹೇಳಲು ಮರೆತದ್ದನ್ನು ಹಿಡಿಯುವ ಕೊನೆಯ ಕಣ್ಣು ಫಾರ್ಮಸಿಸ್ಟನದು. ಆ ಕಣ್ಣು ತಪ್ಪಿದರೆ ಮುಂದಿನದು ರೋಗಿಯ ಬಾಯಿ.

ಹೀಗಿದ್ದರೂ ಒಂದು ದುರಾಚಾರ ಬಹುಕಾಲದಿಂದ ಬೇರೂರಿದೆ. ಡಿಪ್ಲೊಮಾ ಮುಗಿಸಿದ ಯುವಕನ ಬಳಿಗೆ ಅಂಗಡಿ ತೆರೆಯಲು ಹವಣಿಸುವವನೊಬ್ಬನು ಬಂದು, “ನೀವು ಬರಬೇಕಾಗಿಲ್ಲ, ಸರ್ಟಿಫಿಕೇಟ್ ಕೊಟ್ಟರೆ ಸಾಕು, ತಿಂಗಳು ತಿಂಗಳು ಹಣ ತಲಪುತ್ತದೆ” ಎನ್ನುತ್ತಾನೆ. ಸಂಬಳ ಕಡಿಮೆಯಿರುವ ವೃತ್ತಿಯಲ್ಲಿ ಈ ಮಾತು ಸಿಹಿಯಾಗಿಯೇ ಕೇಳಿಸುತ್ತದೆ. ಹೆಸರು ಗೋಡೆಯ ಮೇಲೇರುತ್ತದೆ. ಹೆಸರಿನವನು ಬೇರೊಂದು ಊರಿನಲ್ಲಿ ಬೇರೊಂದು ಕೆಲಸದಲ್ಲಿರುತ್ತಾನೆ. ಚೀಟಿ ಓದುವವನು ಡಬ್ಬಿಯ ಬಣ್ಣದಿಂದ ಔಷಧ ಗುರುತಿಸಲು ಕಲಿತ ಹುಡುಗ.

ಇದರಲ್ಲಿ ಯಾರ ವಸ್ತುವೂ ಕಳುವಾಗಿಲ್ಲವೆಂದು ಇಬ್ಬರೂ ತಮ್ಮನ್ನು ಸಮಾಧಾನಪಡಿಸಿಕೊಳ್ಳುತ್ತಾರೆ. ಕಳುವಾದದ್ದು ರೋಗಿಯ ರಕ್ಷಣೆ. ಅಲ್ಲಿ ಬಲ್ಲವನೊಬ್ಬನಿದ್ದಾನೆಂಬ ಭರವಸೆಯಿಂದ ಅವನು ಮೆಟ್ಟಿಲೇರಿದ್ದನು. ಆ ಭರವಸೆಯನ್ನು ಗೋಡೆಯ ಕಾಗದ ಹುಟ್ಟಿಸಿತು, ಬರಿದಾದ ಸ್ಥಾನ ಅದನ್ನು ಸುಳ್ಳು ಮಾಡಿತು. ಅನುಭವದ ಮಾತನ್ನು ಹಿರಿಯ ವರ್ತಕರು ಎತ್ತುವುದುಂಟು. ಇಪ್ಪತ್ತು ವರ್ಷ ಅಂಗಡಿಯಲ್ಲಿ ದುಡಿದವನಿಗೆ ಬಹಳಷ್ಟು ತಿಳಿದಿರುತ್ತದೆ ಎಂಬುದು ನಿಜವೇ. ಆದರೆ ಅನುಭವವು ಕಂಡದ್ದನ್ನು ಕಲಿಸುತ್ತದೆ. ಕಾಣದ ಅಪಾಯವನ್ನು ತಿಳಿಸುವುದು ಶಾಸ್ತ್ರ. ಹಾನಿಯಾದ ರೋಗಿಯು ಅದೇ ಅಂಗಡಿಗೆ ಮರಳಿ ಬಂದು ಹೇಳುವುದು ಅಪರೂಪ.

ಹಾನಿಯು ಒಬ್ಬನಿಗೇ ನಿಲ್ಲುವುದೂ ಇಲ್ಲ. ಚೀಟಿಯಿಲ್ಲದೆ ಕೊಟ್ಟ ನಾಲ್ಕು ಆಂಟಿಬಯಾಟಿಕ್ ಗುಳಿಗೆಗಳು ರೋಗಾಣುಗಳನ್ನು ಮದ್ದಿಗೆ ಬಗ್ಗದಂತೆ ಬೆಳೆಸುತ್ತವೆ. ಇದನ್ನು ತಡೆಯಲೆಂದೇ 2013ರಲ್ಲಿ ಪ್ರಕಟವಾಗಿ 2014ರ ಮಾರ್ಚಿಯಲ್ಲಿ ಜಾರಿಗೆ ಬಂದ ‘ಎಚ್-1’ ಅನುಸೂಚಿಯು, ಕೆಲವು ಪ್ರಬಲ ಆಂಟಿಬಯಾಟಿಕ್‌ಗಳು, ಕ್ಷಯದ ಮದ್ದುಗಳು ಮತ್ತು ಚಟ ಹಿಡಿಸುವ ಔಷಧಗಳನ್ನು ಮಾರುವಾಗ ವೈದ್ಯರ ಮತ್ತು ರೋಗಿಯ ಹೆಸರು, ಔಷಧದ ಪ್ರಮಾಣ ಇವನ್ನು ಪ್ರತ್ಯೇಕ ಪುಸ್ತಕದಲ್ಲಿ ಬರೆದು ಮೂರು ವರ್ಷ ಕಾಪಾಡಬೇಕೆಂದು ವಿಧಿಸಿತು. ಬರೆಯಬೇಕಾದವನೇ ಇಲ್ಲದ ಅಂಗಡಿಯಲ್ಲಿ ಆ ಪುಸ್ತಕಕ್ಕೆ ಬೆಲೆಯೇನು?

ಚತುರ್ವಿಧ ದಾನಗಳಲ್ಲಿ ಔಷಧದಾನವನ್ನು ಎಣಿಸಿದ ಸಮಾಜಕ್ಕೆ ಈ ವಿಚಾರ ಹೊರಗಿನದಲ್ಲ. ಬಸದಿಯ ಆವರಣದಲ್ಲಿ ಶಿಬಿರ ನಡೆಸುವ ಟ್ರಸ್ಟುಗಳು ವೈದ್ಯರನ್ನು ಆದರದಿಂದ ಕರೆಯುತ್ತವೆ. ಮದ್ದು ಹಂಚುವ ಮೇಜಿಗೆ ಮಾತ್ರ ಬಿಡುವಿರುವ ಸ್ವಯಂಸೇವಕರನ್ನು ಕೂರಿಸುತ್ತವೆ. ಮನೆಗಳಿಂದ ಸಂಗ್ರಹಿಸಿದ, ಅವಧಿ ಮುಗಿದ, ಅರ್ಧ ಕತ್ತರಿಸಿದ ಮಾತ್ರೆಪಟ್ಟಿಗಳು ಅಲ್ಲಿ ಸೇರುವುದುಂಟು. ದಾನವೆಂದ ಮಾತ್ರಕ್ಕೆ ತಪ್ಪು ಮದ್ದು ಸರಿಯಾಗದು. ಆ ಮೇಜಿನಲ್ಲಿಯೂ ಒಬ್ಬ ಫಾರ್ಮಸಿಸ್ಟನಿರಲಿ; ಅವನ ದಿನದ ಗೌರವಧನವೂ ದಾನದ ಲೆಕ್ಕದಲ್ಲಿಯೇ ಸೇರಲಿ.

ಅಂಗಡಿ ನಡೆಸುವ ಕುಟುಂಬಗಳು ಫಾರ್ಮಸಿಸ್ಟನಿಗೆ ಬದುಕಲು ಸಾಕಾಗುವ ಸಂಬಳ ಕೊಡಲಿ. ಓದಿದ ಮಕ್ಕಳು ತಮ್ಮ ಹೆಸರನ್ನು ಬಾಡಿಗೆಗೆ ಬಿಡದಿರಲಿ. ಔಷಧ ಕೊಳ್ಳುವ ಗೃಹಸ್ಥರೂ ಗೋಡೆಯ ಮೇಲಿನ ಹೆಸರನ್ನು ಓದಿ, “ಇವರು ಯಾರು?” ಎಂದು ವಿನಯದಿಂದ ಕೇಳಲಿ. “ನಾನೇ” ಎಂಬ ಉತ್ತರ ಬರುವ ಅಂಗಡಿಗೆ ನಾಲ್ಕು ಹೆಜ್ಜೆ ಹೆಚ್ಚು ನಡೆದರೂ ನಷ್ಟವಿಲ್ಲ.