ಹಳಸಿದ ಕಬ್ಬು

ಹೋದ ಫೆಬ್ರವರಿಯಲ್ಲಿ ರಾಯಬಾಗ ಹತ್ತಿರದ ನಮ್ಮೂರಿಗೆ ಹೋದಾಗ ಅಪ್ಪ ಮನೆಯಲ್ಲಿರಲಿಲ್ಲ. ಎರಡು ದಿನದಿಂದ ಕಬ್ಬಿನ ಟ್ರ್ಯಾಕ್ಟರ್ ಜೊತೆ ಕಾರ್ಖಾನೆಯ ಪಾಳಿಯಲ್ಲೇ ಇದ್ದರು. ಬುತ್ತಿ ತಗೊಂಡು ಹೋದೆ. ಟ್ರೇಲರ್ ಹತ್ತಿರ ಹುಳಿ ವಾಸನೆ. ಕಡಿದ ತುದಿ ಮುಟ್ಟಿದರೆ ಬೆರಳಿಗೆ ಲೋಳೆ...

"ಕಬ್ಬು ಹಳಸಾಕತ್ತೇತಿ ತಮ್ಮಾ, ತೂಕಾನೂ ಹೋತು" ಅಂದರು ಅಪ್ಪ.

ಈ ಲೋಳೆ ಲ್ಯುಕೊನೊಸ್ಟಾಕ್ ಎಂಬ ಬ್ಯಾಕ್ಟೀರಿಯಾದ ಕೆಲಸ. 1878ರಲ್ಲಿ ಫ್ರಾನ್ಸಿನ ವಾನ್ ಟೀಗೆಮ್ ಇಟ್ಟ ಹೆಸರು. ಕಬ್ಬು ಕಡಿದ ಗಾಯದಿಂದ ಒಳನುಗ್ಗಿ, ಸಕ್ಕರೆಯನ್ನು ಒಡೆದು, ಅದರೊಳಗಿನ ಗ್ಲೂಕೋಸನ್ನು ಸರದಂತೆ ಪೋಣಿಸಿ ಡೆಕ್ಸ್‌ಟ್ರಾನ್ ಎಂಬ ಅಂಟು ಮಾಡುತ್ತದೆ. ಸಕ್ಕರೆ ಕಮ್ಮಿಯಾಗುವುದಲ್ಲದೆ ಉಳಿದ ರಸ ಹರಳುಗಟ್ಟಲೂ ತಕರಾರು. ರೈತನಿಗೆ ದುಡ್ಡು ತೂಕದ ಮೇಲೆ, ದರ ಕಾರ್ಖಾನೆಯ ರಿಕವರಿ ಮೇಲೆ. ಎರಡೂ ಕಡೆ ಪೆಟ್ಟು. ನನ್ನ ಕೇಳಿದರೆ, ಬ್ಯಾಕ್ಟೀರಿಯಾಕ್ಕಿಂತ ಮೊದಲು ಬೈಯಬೇಕಾದದ್ದು ಒಂದೇ ದಿನ ಎಲ್ಲರಿಗೂ ಕಟಾವು ಚೀಟಿ ಕೊಟ್ಟವರನ್ನು. ಇರಲಿ ಬಿಡಿ.

ತಮಾಷೆ ನೋಡಿ, ಬೆಂಗಳೂರಿನ ನಮ್ಮ ರೂಮಿನಲ್ಲಿ ಇಡ್ಲಿ ಹಿಟ್ಟನ್ನು ರಾತ್ರಿಯಿಡೀ ಉಬ್ಬಿಸುವುದೂ ಇದೇ ಜೀವಿ :) 1940ರ ದಶಕದಲ್ಲಿ ಸ್ವೀಡನ್ನಿನ ಗ್ರೋನ್‌ವಾಲ್ ಮತ್ತು ಇಂಗೆಲ್‌ಮನ್ ಇದೇ ಡೆಕ್ಸ್‌ಟ್ರಾನನ್ನು ಶುದ್ಧಮಾಡಿ, ರಕ್ತದ ಪ್ಲಾಸ್ಮಾಕ್ಕೆ ಬದಲಿಯಾಗಿ ಬಳಸಬಹುದೆಂದು ತೋರಿಸಿದರು. ಮುಂದೆ ರಕ್ತ ಕಳಕೊಂಡವರಿಗೆ ಸಲೈನ್ ಥರ ಬಾಟಲಿಯಲ್ಲಿ ಏರಿಸಿದರು.

ಇದನ್ನೆಲ್ಲ ಟ್ರೇಲರ್ ನೆರಳಲ್ಲಿ ಕೂತು ಅಪ್ಪನಿಗೆ ಹೇಳಿದೆ. ರೊಟ್ಟಿ ಮುರಿಯುತ್ತ ಕೇಳಿದರು.

"ರಕ್ತ ಹೋದಾವರಿಗೆ ಹಚ್ಚತಾರಂದ್ರ, ನನಗೂ ಒಂದ್ ಬಾಟ್ಲಿ ಹಚ್ಚಸಪಾ."

ಮೂರನೇ ದಿನ ಮಧ್ಯಾಹ್ನ ನಮ್ಮ ಗಾಡಿ ಕಾಟಾ ಹತ್ತಿತು.